ಕೂರೋಕೆ ಪುರುಸೊತ್ತು

"ನಾಯಿಗೆ ಮಾಡೋಕೆ ಕೆಲಸ ಇಲ್ಲ, ಕೂರೋಕೆ ಪುರುಸೊತ್ತಿಲ್ಲ."

ಈ ಗಾದೆ ನಿಮಗೆಲ್ಲ ಗೊತ್ತು. ಸುಮ್ಮನೆ ಅತ್ತಿಂದಿತ್ತ ಓಡಾಡುವವರನ್ನು ಕಂಡರೆ ಹೀಗೆ ಅನ್ನುತ್ತೇವೆ. ಅಂದು ನಗುತ್ತೇವೆ. ಪಾಪ, ನಾಯಿಗೆ ಇದು ಯಾವುದೂ ಗೊತ್ತಿಲ್ಲ.

ಆದರೆ ಈ ಗಾದೆ ನಿಜವೇ? ನಾಯಿಗೆ ಕೂರೋಕೆ ಪುರುಸೊತ್ತು ಇಲ್ಲವೇ? ಒಂದು ದಿನ ನಿಮ್ಮ ಬೀದಿಯ ನಾಯಿಯನ್ನು ಗಮನಿಸಿ ನೋಡಿ. ನಾವೂ ನೋಡಿದೆವು. ನಮಗೆ ಕಂಡದ್ದನ್ನು ಇಲ್ಲಿ ಹೇಳುತ್ತೇವೆ.

ಕೆಂಚನ ದಿನ

ನಮ್ಮ ಕಲಿಕಾ ಕೇಂದ್ರ ನಡೆಯುವುದು ಶಾಲೆಯ ಹಳೆಯ ಕೋಣೆಯಲ್ಲಿ. ಅದರ ಜಗಲಿಯ ಮೇಲೆ ಒಂದು ನಾಯಿ ಇರುತ್ತದೆ. ಅದರ ಹೆಸರು ಕೆಂಚ. ಅದು ಯಾರ ಮನೆಯ ನಾಯಿಯೂ ಅಲ್ಲ. ಎಲ್ಲರ ಮನೆಯದೂ ಹೌದು. ಒಂದು ಮನೆಯಲ್ಲಿ ತಂಗಳು ಮುದ್ದೆ, ಇನ್ನೊಂದು ಮನೆಯಲ್ಲಿ ಅನ್ನ, ಮತ್ತೊಂದು ಮನೆಯಲ್ಲಿ ಬೈಗುಳ. ಮೂರನ್ನೂ ತಿಂದು ಬದುಕಿದೆ.

ಬೆಳಗ್ಗೆ ಹೆಂಗಸರು ಕ್ಯಾನು ಹಿಡಿದು ಡೇರಿಗೆ ಹಾಲು ಹಾಕಲು ಹೊರಡುತ್ತಾರೆ. ಆಗ ಕೆಂಚ ಏಳುತ್ತದೆ. ಎದ್ದ ಕೂಡಲೇ ಓಡುವುದಿಲ್ಲ. ಮುಂಗಾಲು ಚಾಚುತ್ತದೆ. ಬೆನ್ನು ಬಗ್ಗಿಸಿ ಮೈ ಮುರಿಯುತ್ತದೆ. ಆಮೇಲೆ ಹಿಂಗಾಲು ಒಂದೊಂದಾಗಿ ಚಾಚುತ್ತದೆ. ಬಾಯಿ ತೆರೆದು ಆಕಳಿಸುತ್ತದೆ. ಇಷ್ಟು ಆದ ಮೇಲೆಯೇ ಹೆಜ್ಜೆ ಇಡುವುದು.

ದಾರಿಯಲ್ಲಿ ಪ್ರತಿ ಕಂಬದ ಹತ್ತಿರ ನಿಲ್ಲುತ್ತದೆ. ಪ್ರತಿ ಮೂಲೆ ಮೂಸುತ್ತದೆ. ನಮಗೆ ಇದು ಕೆಟ್ಟ ಚಾಳಿ ಅನಿಸುತ್ತದೆ. ಆದರೆ ನಾಯಿಗೆ ಅದೇ ಓದು. ನಮ್ಮ ಮೂಗಿನ ಒಳಗೆ ವಾಸನೆ ಹಿಡಿಯುವ ಕಣಗಳು ಇವೆ. ಅವು ಸುಮಾರು 50–60 ಲಕ್ಷ. ನಾಯಿಯ ಮೂಗಿನಲ್ಲಿ ಇಂಥ ಕಣಗಳು 10 ಕೋಟಿಗೂ ಹೆಚ್ಚು. ರಾತ್ರಿ ಯಾವ ನಾಯಿ ಬಂದಿತ್ತು? ಗಂಡೋ, ಹೆಣ್ಣೋ? ಬಂದು ಎಷ್ಟು ಹೊತ್ತಾಯಿತು? ಇದನ್ನೆಲ್ಲ ಅದು ಮೂಗಿನಿಂದಲೇ ತಿಳಿಯುತ್ತದೆ. ನಾವು ಅಕ್ಷರ ಅಕ್ಷರ ಕೂಡಿಸಿ ಓದುವ ಹಾಗೆ, ಅದು ವಾಸನೆ ಕೂಡಿಸಿ ಓದುತ್ತದೆ. ಅವಸರ ಮಾಡಿದರೆ ಅದಕ್ಕೂ ಓದು ತಪ್ಪುತ್ತದೆ.

ಬಿಸಿಲು ಏರಿತು ಅಂದರೆ ಕೆಂಚ ಮಲಗುತ್ತದೆ. ನೆರಳು ಜರುಗಿದರೆ ಎದ್ದು ತಾನೂ ಜರುಗುತ್ತದೆ. ಮತ್ತೆ ಮಲಗುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ಅದಕ್ಕೇ ನಾಲಿಗೆ ಹೊರಗೆ ಚಾಚಿ ತೇಕುತ್ತದೆ. ನಾಲಿಗೆಯ ತೇವ ಆರಿದಾಗ ಮೈ ತಂಪಾಗುತ್ತದೆ. ಸುಡು ಬಿಸಿಲಲ್ಲಿ ಓಡಿದರೆ ಈ ತೇಕು ಸಾಲದು. ನಾಯಿ ಸತ್ತೇ ಹೋಗಬಹುದು. ಹಾಗಾಗಿ ಮಧ್ಯಾಹ್ನ ಮಲಗುವುದು ಅದರ ಸೋಮಾರಿತನ ಅಲ್ಲ. ಬದುಕುವ ಜಾಣತನ.

ಬೆಳೆದ ನಾಯಿ 24 ಗಂಟೆಯಲ್ಲಿ ಸುಮಾರು ಅರ್ಧ ಹೊತ್ತು ಮಲಗಿಯೇ ಕಳೆಯುತ್ತದೆ. ಮರಿ ಮತ್ತು ಮುದಿ ನಾಯಿ ಇನ್ನೂ ಹೆಚ್ಚು. ನಿದ್ದೆಯಲ್ಲೂ ಅದರ ಕಿವಿ ಎಚ್ಚರವಾಗಿಯೇ ಇರುತ್ತದೆ. ಹೊಸಬರು ಬಂದರೆ ಥಟ್ಟನೆ ಏಳುತ್ತದೆ. ಬೊಗಳುತ್ತದೆ. ಕೆಲಸ ಮುಗಿಯಿತು ಅಂದರೆ ಮತ್ತೆ ಮಲಗುತ್ತದೆ. "ಅಯ್ಯೋ, ಇವತ್ತು ಎಷ್ಟು ಮಲಗಿಬಿಟ್ಟೆ" ಅಂತ ಅದು ಕೊರಗುವುದಿಲ್ಲ.

ಈಗ ಹೇಳಿ. ಕೂರೋಕೆ ಪುರುಸೊತ್ತು ಇಲ್ಲದವರು ಯಾರು? ನಾಯಿಯೋ, ನಾವೋ?

299 ಮತ್ತು 97

2019ರಲ್ಲಿ ಭಾರತ ಸರ್ಕಾರ ಒಂದು ಲೆಕ್ಕ ತೆಗೆಯಿತು. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅನ್ನುವ ಲೆಕ್ಕ. ಊರೂರಿಗೆ ಹೋಗಿ, ಮನೆ ಮನೆಯಲ್ಲಿ ಕೇಳಿ ಬರೆದುಕೊಂಡರು. ಅಡಿಗೆ, ಪಾತ್ರೆ, ಬಟ್ಟೆ, ಕಸ, ನೀರು, ಇಂಥ ಮನೆಗೆಲಸವನ್ನು ಕೂಲಿ ಇಲ್ಲದೆ ಮಾಡುವವರು ಎಷ್ಟು ಹೊತ್ತು ಮಾಡುತ್ತಾರೆ? ಹೆಂಗಸರು ದಿನಕ್ಕೆ 299 ನಿಮಿಷ. ಗಂಡಸರು 97 ನಿಮಿಷ.

299 ನಿಮಿಷ ಅಂದರೆ ಎಷ್ಟು? ಒಂದು ಗಂಟೆಗೆ 60 ನಿಮಿಷ. 5 ಗಂಟೆಗೆ 300 ನಿಮಿಷ. ಅಂದರೆ 5 ಗಂಟೆಗೆ ಒಂದೇ ನಿಮಿಷ ಕಡಿಮೆ. ಇದರ ಮೇಲೆ ಹೊಲದ ಕೆಲಸ ಉಂಟು. ಕೂಲಿ ಉಂಟು. ಹಸು ಎಮ್ಮೆ ಉಂಟು. ಮಕ್ಕಳನ್ನು ನೋಡಿಕೊಳ್ಳುವ ಹೊತ್ತನ್ನು ಆ 299ರಲ್ಲಿ ಸೇರಿಸಿಲ್ಲ. ಅದಕ್ಕೆ ಬೇರೆ ಲೆಕ್ಕ. ಇನ್ನು ಗಂಡಸರ 97 ನಿಮಿಷ ಕೂಡ ಮನೆಗೆಲಸಕ್ಕೆ ಕೈ ಹಾಕುವ ಗಂಡಸರದ್ದು ಮಾತ್ರ. ಕೈ ಹಾಕದವರೇ ಹೆಚ್ಚು. ಅವರನ್ನು ಈ ಲೆಕ್ಕಕ್ಕೆ ಹಿಡಿದಿಲ್ಲ!

ಆದ್ದರಿಂದ "ನಿಧಾನವಾಗಿ ಬದುಕಿ, ಆರಾಮಾಗಿರಿ" ಅಂತ ಹೆಂಗಸರಿಗೆ ಹೇಳುವುದು ಸುಲಭ. ಮಾಡುವುದು ಸುಲಭ ಅಲ್ಲ. ಪಟ್ಟಣದಲ್ಲಿ ಇದನ್ನು ಈಗ ದೊಡ್ಡದಾಗಿ ಹೇಳುತ್ತಾರೆ. ಕೆಲಸಕ್ಕೆ ಆಳು ಇರುವವರು ಹೇಳಬಹುದು. ಒಲೆ ಮುಂದೆ ಕೂತವರು ಏನು ಮಾಡಬೇಕು?

ನಾವು ಹೇಳುವುದು ಇಷ್ಟೇ. ದಿನಕ್ಕೆ ಕಾಲು ಗಂಟೆ. 15 ನಿಮಿಷ. ಅದು ನಿಮ್ಮದು. ಆ ಹೊತ್ತಿನಲ್ಲಿ ಅವರೆಕಾಯಿ ಸುಲಿಯಬೇಡಿ. ಹೂ ಕಟ್ಟಬೇಡಿ. ಬೀಡಿ ಕಟ್ಟಬೇಡಿ. ಮೊಬೈಲ್ ನೋಡುವುದೂ ಬೇಡ. ಮೊಬೈಲ್ ನೋಡಿದರೆ ಕೂತ ಹಾಗೆ ಅಲ್ಲ. ಕಣ್ಣು ಅಲ್ಲೂ ಓಡುತ್ತಲೇ ಇರುತ್ತದೆ. ಸುಮ್ಮನೆ ಜಗಲಿ ಮೇಲೆ ಕೂರಿ.

"ಅತ್ತೆ ಏನಂತಾರೆ?" ಅಂತ ಒಬ್ಬ ತಂಗಿ ಕೇಳಿದಳು. ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರೂ ನಲವತ್ತು ವರ್ಷದಿಂದ ಕೂತಿಲ್ಲ.

ಕೂತರೆ ಏನು ಸಿಗುತ್ತದೆ? ಮೊದಲ ದಿನ ಏನೂ ಸಿಗುವುದಿಲ್ಲ. ಕೈ ತುರಿಸುತ್ತದೆ. ಒಲೆ ಮೇಲೆ ಏನೋ ಬಿಟ್ಟು ಬಂದೆ ಅನಿಸುತ್ತದೆ. ಎರಡು ಮೂರು ದಿನ ಹೋದ ಮೇಲೆ ಕಣ್ಣು ಬಿಡುತ್ತದೆ. ನಮ್ಮ ಕೇಂದ್ರದ ಮುಂದೆ ಒಂದು ಹೊಂಗೆ ಮರ ಇದೆ. ಎಷ್ಟೋ ವರ್ಷದಿಂದ ಅಲ್ಲೇ ಇದೆ. ಯುಗಾದಿ ಹೊತ್ತಿಗೆ ಅದರ ಎಳೆ ಎಲೆ ಹೇಗೆ ಹೊಳೆಯುತ್ತದೆ! ಎಣ್ಣೆ ಹಚ್ಚಿದ ಹಾಗೆ. ಆಮೇಲೆ ಹೂ ಬಿಡುತ್ತದೆ. ಹೂ ಉದುರಿ ನೆಲವೆಲ್ಲ ಅಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಜೇನು ಹುಳ ಗುಂಯ್ ಅನ್ನುತ್ತವೆ. ಅಳಿಲು ಓಡುತ್ತದೆ. ಎರಡು ಗೊರವಂಕ ಜಗಳ ಆಡುತ್ತವೆ. ಕೆಳಗೆ ಕೆಂಚ ಮಲಗಿರುತ್ತದೆ.

ಇದರಲ್ಲಿ ನಾವು ಮಾಡಬೇಕಾದ ಕೆಲಸ ಒಂದೂ ಇಲ್ಲ. ಯಾರೂ ನಮ್ಮನ್ನು ಕರೆಯುತ್ತಿಲ್ಲ. ಮರ ತನ್ನ ಪಾಡಿಗೆ ಇದೆ. ನಾಯಿ ತನ್ನ ಪಾಡಿಗೆ ಇದೆ. ನಾವೂ ನಮ್ಮ ಪಾಡಿಗೆ ಇದ್ದೇವೆ. ಹೀಗೆ ಇರುವುದು ಹೆಂಗಸರಿಗೆ ಎಷ್ಟು ಅಪರೂಪ ಅಂತ ಕೂತಾಗಲೇ ಗೊತ್ತಾಗುತ್ತದೆ.

ದೊಡ್ಡಕ್ಕ ಯಾಕೆ ಬರಲಿಲ್ಲ?

ನಮ್ಮ ಕೇಂದ್ರಕ್ಕೆ ಒಬ್ಬರು ಬರುತ್ತಾರೆ. ವಯಸ್ಸು ಐವತ್ತರ ಮೇಲೆ. ನಾವೆಲ್ಲ ಅವರನ್ನು ದೊಡ್ಡಕ್ಕ ಅನ್ನುತ್ತೇವೆ. ಅವರ ಗಂಡ ತೀರಿಹೋಗಿ ಬಹಳ ವರ್ಷ ಆಯಿತು. ಎರಡು ಹಸು ಸಾಕಿ ಮಕ್ಕಳನ್ನು ದಡ ಸೇರಿಸಿದ್ದಾರೆ.

ದೊಡ್ಡಕ್ಕನಿಗೆ ಓದು ನಿಧಾನ. ಒಂದು ಸಾಲು ಓದಲು ಐದು ನಿಮಿಷ ಬೇಕು. 'ಸರಸ್ವತಿ' ಅನ್ನುವ ಪದ ಬಂದರೆ 'ಸ್ವ' ಹತ್ತಿರ ನಿಂತುಬಿಡುತ್ತಾರೆ. ಒತ್ತಕ್ಷರ ಕಂಡರೆ ಕಲ್ಲು ಎಡವಿದ ಹಾಗೆ. ಪಕ್ಕದಲ್ಲಿ ಕೂರುವ ಹುಡುಗಿಯರು ಐದಾರು ಕ್ಲಾಸು ಓದಿ ಬಿಟ್ಟವರು. ಅವರು ಸರಸರ ಓದುತ್ತಾರೆ. ಒಂದು ಸಂಜೆ ಯಾರೋ ಕಿಸಕ್ಕನೆ ನಕ್ಕರು. ಮಾರನೆಯ ದಿನ ದೊಡ್ಡಕ್ಕ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಂದು ವಾರ ಆಯಿತು.

ನಾವು ಅವರ ಮನೆಗೆ ಹೋದೆವು. ಹಟ್ಟಿ ಮುಂದೆ ಕೂತಿದ್ದರು.

"ಯಾಕಕ್ಕ ಬರ್ತಿಲ್ಲ?"

"ನಂಗೆ ತಲೆಗೆ ಹತ್ತಲ್ಲ ಟೀಚರಮ್ಮ. ನಾನು ಮಂದ. ಎಳೇ ಮಕ್ಕಳ ಮುಂದೆ ಯಾಕೆ ಮರ್ಯಾದೆ ಕಳ್ಕೊಳ್ಳೋದು?"

"ಪುಸ್ತಕ ಎಲ್ಲಿ ಮತ್ತೆ?"

ದೊಡ್ಡಕ್ಕ ನಾಚಿಕೊಂಡರು. ಪುಸ್ತಕ ಅವರ ತೊಡೆಯ ಮೇಲೇ ಇತ್ತು. ಸೆರಗು ಮುಚ್ಚಿಕೊಂಡಿದ್ದರು. ಪಕ್ಕದಲ್ಲಿ ಕೆಂಚ ಮಲಗಿತ್ತು.

"ಇದರ ಮುಂದೆ ಓದ್ಕೋತೀನಿ. ಇದು ನಗಲ್ಲ ನೋಡಿ," ಅಂದರು.

ಈ ಮಾತು ಕೇಳಿ ನಿಮಗೆ ನಗು ಬರಬಹುದು. ಆದರೆ ಇದನ್ನೇ ದೂರದ ಅಮೆರಿಕಾ ದೇಶದಲ್ಲಿ ಒಂದು ಪಾಠದ ಕ್ರಮವಾಗಿ ಮಾಡಿದ್ದಾರೆ. ಅಲ್ಲಿ ಸಾಲ್ಟ್ ಲೇಕ್ ಸಿಟಿ ಅಂತ ಒಂದು ಊರು ಇದೆ. 1999ರಲ್ಲಿ ಅಲ್ಲಿ ಕೆಲವರು ಸೇರಿ, ಓದಲು ತಡವರಿಸುವ ಮಕ್ಕಳನ್ನು ನಾಯಿಯ ಪಕ್ಕ ಕೂರಿಸಿದರು. ಶಾಂತ ಸ್ವಭಾವದ, ಪಳಗಿದ ನಾಯಿ. ಮಗು ಅದಕ್ಕೆ ಕತೆ ಓದಿ ಹೇಳಬೇಕು. ನಾಯಿ ಕೇಳಿಸಿಕೊಂಡು ಮಲಗಿರುತ್ತದೆ. ತಪ್ಪು ಓದಿದರೆ ತಿದ್ದುವುದಿಲ್ಲ. "ಬೇಗ ಓದು" ಅನ್ನುವುದಿಲ್ಲ. ಗಡಿಯಾರ ನೋಡುವುದಿಲ್ಲ. ಮಗುವಿನ ಹೆದರಿಕೆ ಹೋಗುತ್ತದೆ. ಹೆದರಿಕೆ ಹೋದರೆ ನಾಲಿಗೆ ತಿರುಗುತ್ತದೆ. ಈ ಪದ್ಧತಿ ಆಮೇಲೆ ಬೇರೆ ಬೇರೆ ದೇಶಗಳಿಗೂ ಹೋಯಿತು.

ಅವರು ಇದಕ್ಕೆ ತರಬೇತಿ ಕೊಡುತ್ತಾರೆ, ಪರೀಕ್ಷೆ ಮಾಡುತ್ತಾರೆ. ನಮ್ಮ ದೊಡ್ಡಕ್ಕ ಹಟ್ಟಿ ಮುಂದೆ ಕೂತು ತಾವೇ ಕಂಡುಕೊಂಡರು. ಮಂದ ಬುದ್ಧಿಯವರು ಹೀಗೆ ಕಂಡುಕೊಳ್ಳುತ್ತಾರೆಯೇ?

ಇನ್ನೊಂದು ಮಾತು. ಹಸುವಿನ ಕಿವಿ ಮುಟ್ಟಿ ನೋಡಿ ಜ್ವರ ಇದೆಯೋ ಇಲ್ಲವೋ ಅಂತ ದೊಡ್ಡಕ್ಕ ಹೇಳಬಲ್ಲರು. ಇಪ್ಪತ್ತು ಜನಕ್ಕೆ ಮುದ್ದೆ ಮಾಡಲು ಎಷ್ಟು ಎಸರು ಇಡಬೇಕು ಅಂತ ಕಣ್ಣಳತೆಯಲ್ಲೇ ಗೊತ್ತು. ನಮಗೆ ಗೊತ್ತಿಲ್ಲ. ನಾವು ಟೀಚರ್ ತರಬೇತಿ ಪಾಸು ಮಾಡಿದವರು. ಮುದ್ದೆ ಗಂಟಾಗುತ್ತದೆ! ಹಾಗಂತ ನಮ್ಮನ್ನು ಯಾರೂ ಮಂದ ಅನ್ನುವುದಿಲ್ಲ. ಓದು ನಿಧಾನವಾದರೆ ಮಾತ್ರ ಯಾಕೆ ಅನ್ನಬೇಕು?

ಓದು ಯಾರಿಗೂ ಒಂದೇ ಸಲ ಬರುವುದಿಲ್ಲ. ಮೊದಲು ಕಣ್ಣು ಒಂದೊಂದೇ ಅಕ್ಷರ ಗುರುತಿಸುತ್ತದೆ. ಆಮೇಲೆ ಕೂಡಿಸುತ್ತದೆ. ಒಂದೇ ಪದವನ್ನು ಮತ್ತೆ ಮತ್ತೆ ಕಂಡಾಗ ಕಣ್ಣಿಗೆ ಅದರ ಆಕಾರ ಪಳಗುತ್ತದೆ. ಆಗ ಅಕ್ಷರ ಬಿಡಿಸಬೇಕಾಗಿಲ್ಲ. ಪರಿಚಯದವರ ಮುಖ ಕಂಡ ಹಾಗೆ ಪದ ಕಾಣುತ್ತದೆ. ಇದಕ್ಕೆ ಒಬ್ಬರಿಗೆ ಮೂರು ತಿಂಗಳು ಬೇಕು. ಒಬ್ಬರಿಗೆ ಒಂದು ವರ್ಷ ಬೇಕು. ಹಗಲೆಲ್ಲ ದುಡಿದು ಬಂದು ರಾತ್ರಿ ಬಲ್ಬಿನ ಕೆಳಗೆ ಕೂರುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಕಣ್ಣು ಮಂಜಾಗಿದ್ದರೆ ಕನ್ನಡಕ ಬೇಕು. ಎಷ್ಟೋ ಜನಕ್ಕೆ ತಲೆಯಲ್ಲಿ ತೊಂದರೆ ಇರುವುದಿಲ್ಲ, ಕಣ್ಣಿನಲ್ಲಿ ಇರುತ್ತದೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಎಲ್ಲರಿಗೂ ಸಹಜ.

ದೊಡ್ಡಕ್ಕ ಈಗ ಮತ್ತೆ ಬರುತ್ತಾರೆ. ಕನ್ನಡಕ ಬಂದಿದೆ. ಓದು ಈಗಲೂ ನಿಧಾನವೇ. ಆದರೆ 'ಸ್ವ' ಹತ್ತಿರ ನಿಂತರೆ, "ತಡೀರಿ, ಬತ್ತೀನಿ" ಅನ್ನುತ್ತಾರೆ. ನಾವೆಲ್ಲ ತಡೆಯುತ್ತೇವೆ.

ನಾಯಿಯ ಕಣ್ಣಿಗೆ ನಾವು ಯಾರು?

ಹೆಂಗಸರನ್ನು ಊರು ಅಳೆಯುತ್ತಲೇ ಇರುತ್ತದೆ. ಇವಳು ಕಪ್ಪು. ಇವಳು ದಪ್ಪ. ಇವಳಿಗೆ ಮಕ್ಕಳಿಲ್ಲ. ಇವಳಿಗೆ ಬರೀ ಹೆಣ್ಣು ಮಕ್ಕಳು. ಇವಳನ್ನು ಗಂಡ ಬಿಟ್ಟ. ಕೇಳಿ ಕೇಳಿ ನಾವೂ ಅದೇ ಮೊಳ ಹಿಡಿದು ನಮ್ಮನ್ನು ಅಳೆದುಕೊಳ್ಳುತ್ತೇವೆ. ಕನ್ನಡಿ ಮುಂದೆ ನಿಂತರೆ ಮೊದಲು ಕಾಣುವುದು ನಮ್ಮ ಕುಂದೇ.

ನಮ್ಮ ಊರಲ್ಲಿ ಒಳ್ಳೆ ಕೆಲಸಕ್ಕೆ ಹೊರಟವರು ದೊಡ್ಡಕ್ಕ ಎದುರಾದರೆ ಒಂದು ಗಳಿಗೆ ನಿಲ್ಲುತ್ತಾರೆ. ಕೆಲವರು ಮನೆಗೆ ವಾಪಸ್ ಹೋಗಿ, ನೀರು ಕುಡಿದು ಮತ್ತೆ ಹೊರಡುತ್ತಾರೆ. ದೊಡ್ಡಕ್ಕ ತಾವೇ ಬೇಲಿ ಕಡೆಗೆ ಸರಿದು ನಿಲ್ಲುವುದನ್ನು ನಾವು ಕಂಡಿದ್ದೇವೆ. ಕೆಂಚ ಮಾತ್ರ ದೂರದಿಂದಲೇ ಅವರ ವಾಸನೆ ಹಿಡಿಯುತ್ತದೆ. ಬಾಲ ಆಡಿಸುತ್ತ, ಮೈಯೆಲ್ಲ ಕುಣಿಸುತ್ತ ಎದುರಿಗೇ ಓಡಿ ಬರುತ್ತದೆ. ಅದಕ್ಕೆ ದೊಡ್ಡಕ್ಕನ ಹಣೆಯ ಕುಂಕುಮ ಗೊತ್ತಿಲ್ಲ. ದೊಡ್ಡಕ್ಕನ ದನಿ ಗೊತ್ತು. ಕೈ ಗೊತ್ತು.

2015ರಲ್ಲಿ ಜಪಾನ್ ದೇಶದ ವಿಜ್ಞಾನಿಗಳು ಒಂದು ಸಂಗತಿ ತಿಳಿಸಿದರು. ಸಾಕಿದವರೂ ನಾಯಿಯೂ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾರಲ್ಲ? ಆಗ ಇಬ್ಬರ ಮೈಯಲ್ಲೂ ಒಂದು ರಸ ಹೆಚ್ಚಾಗುತ್ತದೆ. ಅದರ ಹೆಸರು ಆಕ್ಸಿಟೋಸಿನ್. ತಾಯಿ ಮಗುವಿಗೆ ಹಾಲು ಕೊಡುವಾಗ ಮೈಯಲ್ಲಿ ಊರುವುದೂ ಇದೇ ರಸ. ಇದು ಊರಿದಾಗ ಮನಸ್ಸು ತಣ್ಣಗಾಗುತ್ತದೆ. ನಂಬಿಕೆ ಬರುತ್ತದೆ. ಕೂತು ನಾಯಿಯ ತಲೆ ಸವರಿದರೆ ಎದೆ ಹಗುರಾಗುತ್ತದೆ ಅನ್ನುವುದು ಬರೀ ಭ್ರಮೆ ಅಲ್ಲ.

ನಾಯಿ ದೇವರೂ ಅಲ್ಲ, ಗುರುವೂ ಅಲ್ಲ. ಅದು ನಮ್ಮನ್ನು ಹೊಗಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಅದಕ್ಕೆ ಹೊಟ್ಟೆ ಹಸಿವು ಇದೆ. ನಮ್ಮ ಕೈಯ ತುತ್ತಿನ ಆಸೆಯೂ ಇದೆ. ಆದರೆ ನಾವು ಹೇಗಿದ್ದೇವೋ ಹಾಗೇ ನಮ್ಮ ಪಕ್ಕ ಕೂರುತ್ತದೆ. ದಿನಕ್ಕೆ ಕಾಲು ಗಂಟೆ ಯಾರ ಅಳತೆಯೂ ಇಲ್ಲದ ಕಡೆ ಕೂತರೆ, ನಮ್ಮನ್ನು ನಾವು ಅಳೆದುಕೊಳ್ಳುವುದೂ ಸ್ವಲ್ಪ ಕಡಿಮೆ ಆಗುತ್ತದೆ. ನಮಗೆ ಹಾಗೆ ಆಗಿದೆ.

ನಾಯಿಗೂ ಒಂದು ಕಲ್ಲು

ನಾಯಿಯನ್ನು ಬೈಗುಳಕ್ಕೆ ಮಾತ್ರ ಇಟ್ಟುಕೊಂಡಿದ್ದೇವೆ. ನಮ್ಮ ಹಿಂದಿನವರು ಹಾಗೆ ಮಾಡಿರಲಿಲ್ಲ. ಮಹಾಭಾರತದ ಕತೆ ಕೇಳಿದ್ದೀರಿ. ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಅಂತ ಧರ್ಮರಾಯ ಹಟ ಹಿಡಿದ.

ಅದು ಪುರಾಣ. ಇನ್ನೊಂದು ನಿಜವಾಗಿ ನಡೆದದ್ದು. ನಮ್ಮ ಮಂಡ್ಯ ಜಿಲ್ಲೆಯಲ್ಲೇ ನಡೆದದ್ದು. ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಒಂದು ಊರು ಇದೆ. ಸಾವಿರ ವರ್ಷದ ಹಿಂದೆ, ಸುಮಾರು 950ರಲ್ಲಿ, ಗಂಗ ಅರಸ ಬೂತುಗನ ಕೈಕೆಳಗೆ ಮಣಲೇರ ಅನ್ನುವ ವೀರ ಇದ್ದ. ಚೋಳರ ಮೇಲಿನ ಯುದ್ಧದಲ್ಲಿ ಅವನು ಬಹಳ ಶೌರ್ಯ ತೋರಿಸಿದ. ದೊರೆ ಮೆಚ್ಚಿ, "ಏನು ಬೇಕೋ ಕೇಳು" ಅಂದ. ಅವನು ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆ ನಾಯಿಯನ್ನು ಕೇಳಿದ. ಆಮೇಲೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಎರಡೂ ಸತ್ತವು. ಆ ನಾಯಿಯ ನೆನಪಿಗೆ ಆತಕೂರಿನಲ್ಲಿ ಕಲ್ಲು ನೆಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುವ ಚಿತ್ರ ಇದೆ. ಕತೆಯನ್ನು ಹಳೆಯ ಕನ್ನಡದಲ್ಲಿ ಬರೆಸಿದ್ದಾರೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

ಉತ್ತರ ಕರ್ನಾಟಕದ ಮುಧೋಳ ನಾಯಿಯ ಹೆಸರು ಕೇಳಿರಬಹುದು. ತೆಳ್ಳಗೆ, ಉದ್ದಕ್ಕೆ ಇರುವ ಬೇಟೆ ನಾಯಿ. 2005ರಲ್ಲಿ ಭಾರತದ ಅಂಚೆ ಇಲಾಖೆ ಅದರ ಚಿತ್ರ ಹಾಕಿ ಅಂಚೆ ಚೀಟಿ ತಂದಿತು. ಆದರೆ ನಮ್ಮ ಕೆಂಚನಂಥ ಬೀದಿ ನಾಯಿಯೂ ಕಡಿಮೆ ಅಲ್ಲ. ನಮ್ಮ ಬಿಸಿಲಿಗೆ, ಮಳೆಗೆ ಅದು ಚೆನ್ನಾಗಿ ಒಗ್ಗಿದೆ. ಸಾವಿರಾರು ರೂಪಾಯಿ ಕೊಟ್ಟು ಪರದೇಶದ ಜೂಲು ನಾಯಿ ತಂದು, ಬೇಸಿಗೆಯಲ್ಲಿ ಅದು ಏದುಸಿರು ಬಿಡುವುದನ್ನು ನೋಡುವುದಕ್ಕಿಂತ ಇದು ವಾಸಿ.

ಇಲ್ಲಿ ನಿಧಾನ ಕೂಡದು

ಎಲ್ಲದರಲ್ಲೂ ನಿಧಾನ ಆಗಬಹುದು. ನಾಯಿ ಕಚ್ಚಿದಾಗ ಮಾತ್ರ ಒಂದು ಗಳಿಗೆಯೂ ನಿಧಾನ ಮಾಡಬಾರದು. ಇದನ್ನು ಎರಡು ಸಲ ಓದಿ. ಓದು ಬಾರದವರಿಗೆ ಓದಿ ಹೇಳಿ.

ಹುಚ್ಚು ನಾಯಿ ರೋಗಕ್ಕೆ ರೇಬೀಸ್ ಅನ್ನುತ್ತಾರೆ. ರೋಗ ಇರುವ ನಾಯಿಯ ಜೊಲ್ಲಿನಲ್ಲಿ ಅದರ ವಿಷಾಣು ಇರುತ್ತದೆ. ಕಚ್ಚಿದ ಗಾಯದಿಂದ ಅದು ಒಳಗೆ ಹೋಗುತ್ತದೆ. ನರಗಳ ದಾರಿ ಹಿಡಿದು ಮೆದುಳು ಸೇರುತ್ತದೆ. ಮೆದುಳು ಸೇರಲು ದಿನಗಳು ಬೇಕು, ಒಮ್ಮೊಮ್ಮೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಸೂಜಿ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. ನೀರು ಕಂಡರೆ ಹೆದರುವುದು, ಗಂಟಲು ಹಿಡಿಯುವುದು ಶುರುವಾದ ಮೇಲೆ ಯಾವ ಔಷಧಿಯೂ ಉಳಿಸುವುದಿಲ್ಲ.

ಆದ್ದರಿಂದ ಕಚ್ಚಿದ ಕೂಡಲೇ ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹೊಯ್ಯುತ್ತಲೇ ಇರಿ. 15 ನಿಮಿಷ. ಸುಣ್ಣ, ಅರಿಶಿನ, ಕಾಫಿ ಪುಡಿ, ಖಾರದ ಪುಡಿ ಯಾವುದನ್ನೂ ಹಚ್ಚಬೇಡಿ. ಬಟ್ಟೆ ಬಿಗಿಯಬೇಡಿ. ಮಂತ್ರ ಹಾಕಿಸಲು ಹೋಗಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಸೂಜಿಗೆ ದುಡ್ಡಿಲ್ಲ.

ಹಿಂದೆ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕುತ್ತಿದ್ದರು. ಆ ಹೆದರಿಕೆ ಇನ್ನೂ ಹೋಗಿಲ್ಲ. ಈಗ ಹಾಗಿಲ್ಲ. ತೋಳಿಗೆ ಹಾಕುತ್ತಾರೆ. ಮೊದಲ ದಿನ ಒಮ್ಮೆ. ಆಮೇಲೆ 3ನೇ ದಿನ, 7ನೇ ದಿನ, 28ನೇ ದಿನ. ಕೆಲವು ಕಡೆ 14ನೇ ದಿನವೂ ಹಾಕುತ್ತಾರೆ. ಚೀಟಿಯಲ್ಲಿ ತಾರೀಖು ಬರೆದು ಕೊಡುತ್ತಾರೆ. ಈಗ ನಿಮಗೆ ಓದಲು ಬರುತ್ತದೆ. ತಾರೀಖು ನೋಡಿಕೊಂಡು ತಪ್ಪದೆ ಹೋಗಿ. ಎರಡು ಸೂಜಿ ಆದ ಮೇಲೆ ಗಾಯ ಮಾಯಿತು ಅಂತ ಬಿಡಬೇಡಿ. ಗಾಯದಿಂದ ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇನ್ನೊಂದು ಔಷಧಿ ಹಾಕಬೇಕಾಗುತ್ತದೆ. ಡಾಕ್ಟರನ್ನು ಕೇಳಿ. ಬಸುರಿಯರೂ ಬಾಣಂತಿಯರೂ ಈ ಸೂಜಿ ಹಾಕಿಸಿಕೊಳ್ಳಬಹುದು. ಮಗುವಿಗೆ ತೊಂದರೆ ಇಲ್ಲ. ಮರಿ ಪರಚಿದರೂ ತೋರಿಸಿ. ಮಕ್ಕಳು ಬೈಯುತ್ತಾರೆ ಅಂತ ಹೆದರಿ ಮುಚ್ಚಿಡುತ್ತಾರೆ. ಬೈಯಬೇಡಿ, ಕೇಳಿ.

ಮರಿ ಹಾಕಿದ ನಾಯಿ, ಉಣ್ಣುವ ನಾಯಿ, ಮಲಗಿದ ನಾಯಿ, ಇವುಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಗೊತ್ತಿಲ್ಲದ ನಾಯಿ ಮೇಲೆ ಬಂದರೆ ಓಡಬೇಡಿ. ಓಡಿದರೆ ಅಟ್ಟಿಸಿಕೊಂಡು ಬರುತ್ತದೆ. ಅಲ್ಲಾಡದೆ ನಿಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ನಿಧಾನವಾಗಿ ಹಿಂದಕ್ಕೆ ಸರಿಯಿರಿ.

ನಾಯಿಗೂ ಸೂಜಿ ಉಂಟು. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲು ಹಾಕಿಸಬೇಕು. ಮತ್ತೊಂದು ಯಾವಾಗ ಅಂತ ಪಶುವೈದ್ಯರು ಹೇಳುತ್ತಾರೆ. ಆಮೇಲೆ ವರ್ಷಕ್ಕೊಮ್ಮೆ. ನಾಯಿಯ ಗರ್ಭ ಸುಮಾರು 63 ದಿನ. ಒಂದೊಂದು ಸಲಕ್ಕೆ ಐದಾರು ಮರಿ. ಎಲ್ಲವನ್ನೂ ಸಾಕುವವರು ಯಾರು? ಹಾಗಾಗಿ ಸಂತಾನಹರಣದ ಆಪರೇಷನ್ ಮಾಡಿಸುವುದು ಒಳ್ಳೆಯದು. ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವುದು ಪಾಪದ ಕೆಲಸ. ಅದರಿಂದ ನಾಯಿಗಳೂ ಕಡಿಮೆ ಆಗುವುದಿಲ್ಲ.

ನಮ್ಮ ಊರಿಗೆ ಪಶುವೈದ್ಯರು ಬಂದಿದ್ದಾಗ ಕೆಂಚನಿಗೂ ಸೂಜಿ ಹಾಕಿಸಿದೆವು. ದೊಡ್ಡಕ್ಕ ಅದರ ತಲೆ ಹಿಡಿದು ಕೂತರು. ಸೂಜಿ ಚೀಟಿ ತುಂಬಬೇಕಿತ್ತು. ಹೆಸರು ಅನ್ನುವ ಕಡೆ ದೊಡ್ಡಕ್ಕನೇ 'ಕೆಂಚ' ಅಂತ ಬರೆದರು. ಸಾಕಿದವರು ಅನ್ನುವ ಕಡೆ ಏನು ಬರೆಯುವುದು ಅಂತ ಮಾತಾಯಿತು. ಹುಡುಗಿಯರು ಕೇಂದ್ರದ ಹೆಸರು ಬರೆಯಿರಿ ಅಂದರು. ದೊಡ್ಡಕ್ಕ ಒಪ್ಪಲಿಲ್ಲ. ತಮ್ಮ ಹೆಸರೇ ಬರೆದರು. ಮೂರು ನಿಮಿಷ ಹಿಡಿಯಿತು. ಪಶುವೈದ್ಯರು ಕಾದರು.

ಇನ್ನು ಊಟದ ಮಾತು. ಉಪ್ಪು ಖಾರದ ಸಾರು ನಾಯಿಗೆ ಬೇಡ. ಮುದ್ದೆ, ಅನ್ನ, ಸ್ವಲ್ಪ ಮಜ್ಜಿಗೆ ಸಾಕು. ಈರುಳ್ಳಿ ಅದರ ರಕ್ತಕ್ಕೆ ಕೆಡುಕು. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಬೇಸಿಗೆಯಲ್ಲಿ ಒಡೆದ ಮಡಕೆಯ ತಳದಲ್ಲಿ ನೀರು ತುಂಬಿ ನೆರಳಿನಲ್ಲಿಡಿ. ಗುಬ್ಬಿ, ಕಾಗೆಗಳೂ ಕುಡಿಯುತ್ತವೆ. ಒಂದು ದಿನ ಬಿಟ್ಟು ಒಂದು ದಿನ ಹಳೆಯ ನೀರು ಚೆಲ್ಲಿ, ಮಡಕೆ ಉಜ್ಜಿ, ಹೊಸ ನೀರು ಹಾಕಿ. ಇಲ್ಲದಿದ್ದರೆ ಅದರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ.